ರಾಜ, ಒಂಬತ್ತು, ನಾಲ್ಕು: ತೀರ್ಥಹಳ್ಳಿಗೆ ಒಂದು ಭಾನುವಾರ

ಸಾಗರದಿಂದ ಏಳೂಕಾಲಿಗೆ ಹೊರಡಬೇಕಾಗಿದ್ದ ಹೊಸನಗರದ ಬಸ್ಸು ಅಂದು ಏಳೂವರೆಗೆ ಹೊರಟಿತು. ನವೆಂಬರ್ ತಿಂಗಳ ಕೊನೆಯ ಭಾನುವಾರ. ಮಂಜು ಇನ್ನೂ ಬಿಟ್ಟಿರಲಿಲ್ಲ. ಡ್ರೈವರು ಎರಡು ಸಲ ಇಳಿದು ಮುಂದಿನ ಗಾಜು ಒರೆಸಿಕೊಂಡ. ಖಾಸಗಿ ಬಸ್ಸಾದ್ದರಿಂದ ಹೆಂಗಸರಿಗೂ ಟಿಕೆಟ್ಟು. ಐವತ್ತು ರೂಪಾಯಿ ಕೊಟ್ಟು ಎಡಗಡೆಯ ಕಿಟಕಿಯ ಪಕ್ಕ ಕೂತೆ. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ತಿಂದಿದ್ದ ಎರಡು ಬನ್ಸು ಹೊಟ್ಟೆಯಲ್ಲಿ ಬೆಚ್ಚಗಿತ್ತು.

ನಾನು ಹೊರಟದ್ದು ಇಸ್ಪೀಟು ಆಡಲಿಕ್ಕೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನಲವತ್ತೆಂಟರ ಹೆಂಗಸು ಹೀಗೆಂದರೆ ಕೇಳಿದವರು ಹುಬ್ಬೇರಿಸುತ್ತಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿಯಲ್ಲಿ ಶ್ರೀಪತಿ ಮೇಷ್ಟ್ರು ಅಂತ ಒಬ್ಬರು ನಿವೃತ್ತ ಭೌತಶಾಸ್ತ್ರದ ಉಪನ್ಯಾಸಕರಿದ್ದಾರೆ. ಎರಡು ತಿಂಗಳಿಗೊಮ್ಮೆ ಅವರ ಮಹಡಿಯ ಮೇಲೆ ಹತ್ತು ಹನ್ನೆರಡು ಜನ ಸೇರಿ ಪೋಕರ್ ಟೂರ್ನಮೆಂಟು ಆಡುತ್ತೇವೆ. ದುಡ್ಡು ಕಟ್ಟುವುದಿಲ್ಲ, ಗೆಲ್ಲುವುದೂ ಇಲ್ಲ. ಎಲ್ಲರಿಗೂ ಒಂದೇ ಲೆಕ್ಕದ ಪ್ಲಾಸ್ಟಿಕ್ ಬಿಲ್ಲೆ ಹಂಚುತ್ತಾರೆ. ಬಿಲ್ಲೆ ಮುಗಿದವರು ಏಳಬೇಕು, ಕೊನೆಗೆ ಉಳಿದವರಿಗೆ ಮೇಷ್ಟ್ರು ಒಂದು ಸ್ಟೀಲಿನ ಲೋಟ ಕೊಡುತ್ತಾರೆ.

ಈ ಹುಚ್ಚು ನನಗೆ ಹಿಡಿಸಿದವರು ಹೊಸನಗರದ ಸರ್ವೆಯರ್ ನಾಗರಾಜಣ್ಣ. ಆರು ವರ್ಷದ ಹಿಂದೆ ನಮ್ಮ ಶಾಲೆಯ ಆಟದ ಬಯಲಿನ ಗಡಿ ಅಳೆಯಲು ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಬೋರ್ಡಿನ ಮೇಲೆ ನಾನು ಬರೆದಿದ್ದ ಸಂಭವನೀಯತೆಯ ಲೆಕ್ಕ ನೋಡಿ, "ಟೀಚರ್, ಕೈಲಿ ಎರಡು ಎಂಟು ಇದ್ರೆ, ಮುಂದೆ ಬಿಚ್ಚೋ ಮೂರು ಎಲೇಲಿ ಇನ್ನೊಂದು ಎಂಟು ಬರೋದು ಎಷ್ಟು ಸಲಕ್ಕೊಮ್ಮೆ?" ಎಂದು ಕೇಳಿದರು. ಲೆಕ್ಕ ಹಾಕಿ, ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ ಎಂದೆ. ಅವರು ಅನ್ನ ಕಲಸುವುದನ್ನು ಬಿಟ್ಟು, "ಬಾಕಿ ಏಳೂವರೆ ಸಲ ಎಂತ ಮಾಡ್ಬೇಕು ಅನ್ನೋದೇ ಆಟ," ಎಂದರು. ಆ ಬಾಕಿ ಏಳೂವರೆ ಸಲವನ್ನು ಆರು ವರ್ಷದಿಂದ ಅವರ ಹತ್ತಿರ ಕಲಿಯುತ್ತಿದ್ದೆ.

ಬಟ್ಟೆಮಲ್ಲಪ್ಪ ದಾಟುವಾಗ ಮಂಜು ಹರಿಯಿತು. ಗದ್ದೆಗಳಲ್ಲಿ ಕೊಯ್ದ ಭತ್ತ ಸಾಲಾಗಿ ಮಲಗಿತ್ತು. ಎಂಟೂಮುಕ್ಕಾಲಿಗೆ ಹೊಸನಗರ. ನಾಗರಾಜಣ್ಣ ಸ್ಟ್ಯಾಂಡಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ ಯಶೋದಕ್ಕ. ನಾನು ಎದುರಿಗೆ ಹೋಗಿ ನಿಂತರೂ ಅವರು ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದರು. "ನಾಗಣ್ಣ" ಎಂದ ಮೇಲೆಯೇ ಮುಖ ಅರಳಿತು.

"ಬಂದ್ರಾ ಟೀಚರ್! ಮಂಜು ಇತ್ತಾ?"

"ಇತ್ತು. ಕಣ್ಣು ಹೇಗಿದೆ?"

"ಆರಾಮ. ಬಲಗಣ್ಣಿಗೆ ಮೂರು ಇಂಜೆಕ್ಷನ್ ಆತು. ಎಡಗಣ್ಣು ಫಸ್ಟ್ ಕ್ಲಾಸ್."

ಸಕ್ಕರೆ ಕಾಯಿಲೆ ಅವರಿಗೆ ಹದಿನೈದು ವರ್ಷದ್ದು. ಮಳೆಗಾಲದ ಹೊತ್ತಿಗೆ ಬಲಗಣ್ಣಿನೊಳಗೆ ರಕ್ತ ಒಸರಿ ಶಿವಮೊಗ್ಗಕ್ಕೆ ಓಡಾಡಿದ್ದು ನನಗೆ ಗೊತ್ತಿತ್ತು. ಯಶೋದಕ್ಕ ನನ್ನ ಕೈಗೆ ಒಂದು ಡಬ್ಬಿ ಕೊಟ್ಟರು. ಅಕ್ಕಿ ರೊಟ್ಟಿ, ಬದನೆಕಾಯಿ ಗೊಜ್ಜು. "ಹನ್ನೊಂದಕ್ಕೆ ಇವರಿಗೆ ಎಂತಾದ್ರೂ ತಿನ್ನಿಸಿ ಟೀಚರ್. ಆಟಕ್ಕೆ ಕೂತ್ರೆ ಹೊಟ್ಟೆ ನೆನಪಾಗಲ್ಲ ಇವರಿಗೆ," ಎಂದರು. ನಾಗರಾಜಣ್ಣ ನಕ್ಕರು. ಅಷ್ಟರಲ್ಲಿ ಎರಡು ಬಸ್ಸು ಒಟ್ಟಿಗೆ ಬಂದವು. "ಬೋರ್ಡು ಎಂತ ಇದೆ ನೋಡಿ, ನನ್ನ ಕನ್ನಡಕಕ್ಕೆ ಮಂಜು ಹಿಡಿದಿದೆ," ಎಂದರು. ಆಗ ಬಿಸಿಲು ಬಿದ್ದಿತ್ತು. ನನಗೆ ಅದು ಹೊಳೆಯಲಿಲ್ಲ. ಬೋರ್ಡು ಓದಿ ಹತ್ತಿಸಿದೆ.

ಹೊಸನಗರದಿಂದ ತೀರ್ಥಹಳ್ಳಿಗೆ ನಲವತ್ತು ಕಿಲೋಮೀಟರಿನ ಆಸುಪಾಸು, ಆದರೆ ತಿರುವು ಹೆಚ್ಚು, ಒಂದೂವರೆ ಗಂಟೆ ಹಿಡಿಯುತ್ತದೆ. ದಾರಿಯುದ್ದಕ್ಕೂ ನಮ್ಮದು ಒಂದೇ ಮಾತು: ನಡುಗಾತ್ರದ ಜೋಡಿ. ಒಬ್ಬೊಬ್ಬರಿಗೆ ಹಂಚುವ ಎರಡೇ ಎಲೆಯಲ್ಲಿ ಏಳು, ಎಂಟು, ಒಂಬತ್ತರ ಜೋಡಿ ಬಂದಾಗ ಆಟಗಾರನಿಗೆ ಖುಷಿಯಾಗುತ್ತದೆ. ಆಮೇಲೆ ಎಲ್ಲರಿಗೂ ಸೇರಿದ ಮೂರು ಎಲೆಗಳನ್ನು ಮೇಜಿನ ನಡುವೆ ಬಿಚ್ಚುತ್ತಾರೆ. ಅದಕ್ಕೆ ಫ್ಲಾಪ್ ಎನ್ನುತ್ತಾರೆ, ಆಮೇಲೆ ಒಂದೊಂದಾಗಿ ಇನ್ನೆರಡು ಎಲೆ. ಕೈಲಿ ಒಂಬತ್ತರ ಜೋಡಿ ಇದ್ದರೂ ಆ ಮೂರರಲ್ಲಿ ಅದಕ್ಕಿಂತ ದೊಡ್ಡ ಎಲೆ ಒಂದಾದರೂ ಇರುವುದು ಹತ್ತಕ್ಕೆ ಎಂಟು ಸಲ. ಅಲ್ಲಿಂದ ಕಷ್ಟ ಶುರು.

"ಹೋದ ಸಲ ನಿಮಗೆ ಎಂಟರ ಜೋಡಿ ಬಂದಿತ್ತು, ಫ್ಲಾಪಿಗೆ ರಾಣಿ ಬಿತ್ತು," ನಾಗರಾಜಣ್ಣ ಜ್ಞಾಪಿಸಿದರು. "ಕೊನೇ ಎಲೆ ತನಕ ಹಿಡ್ಕಂಡೇ ಹೋದ್ರಿ. ಯಾಕೆ?"

"ಬಿಡೋಕೆ ಮನಸ್ಸು ಬರಲಿಲ್ಲ."

"ಅದೇ ತಪ್ಪು. ಮೇಲಿನ ಎಲೆ ಬಂತು ಅಂತ ಕೂಡ್ಲೆ ಓಡ್ಬಾರ್ದು. ಎದುರಿನವರು ಸುಮ್ನೆ ಹೆದರಿಸ್ತಾ ಇರಬಹುದು. ಒಂದು ಸಲ ಅವರಷ್ಟೇ ಇಟ್ಟು ತಡ್ಕಳಿ. ಎರಡನೇ ಸಲವೂ ಜೋರಾಗಿ ಬಿಲ್ಲೆ ಕಟ್ಟಿದ್ರಾ, ಬಿಟ್ಬಿಡಿ. ನಮ್ಮ ಹತ್ರ ಚೆಂದದ್ದಿದೆ ಅನ್ನೋದು ಲೆಕ್ಕಕ್ಕಿಲ್ಲ. ಎದುರಿಗೆ ಎಷ್ಟು ಜನ ಇದಾರೆ, ಯಾರು ಕಟ್ಟಿದ್ದು, ನಮ್ಮ ಬಿಲ್ಲೆ ಎಷ್ಟು ಉಳಿದಿದೆ, ಅದು ಲೆಕ್ಕ. ಟೂರ್ನಮೆಂಟಲ್ಲಿ ಬಿಲ್ಲೆ ಹೋದ್ರೆ ಎದ್ದು ಮನೆಗೆ ಹೋಗೋದೇ."

"ಮೂರನೇದು ಬಂದ್ರೆ?"

"ಬಂದ್ರೆ ನಮ್ಮ ಹಬ್ಬ. ಮೂರು ಒಂಬತ್ತು ಕೂಡಿದ್ರೆ ನಾನು ಎಲ್ಲಾ ಬಿಲ್ಲೆ ಮುಂದೆ ತಳ್ತೀನಿ. ಬರೀ ಜೋಡಿ ಹಿಡ್ಕಂಡು ರಾಜನ ಎದುರಿಗೆ ಹಾಗೆ ಮಾಡಲ್ಲ. ಸಾಯೋ ತನಕ ಮಾಡಲ್ಲ."

ಅರಳಸುರಳಿ ಕಳೆದ ಮೇಲೆ ಅವರು ಕಿಟಕಿಯಾಚೆ ಬೆರಳು ತೋರಿಸಿ, "ಆ ಗದ್ದೆ ಮೂಲೇಲಿ ಗಡಿ ಕಲ್ಲು ಕಾಣ್ತದಲ್ಲ, ನಾನು ಕೆಲಸಕ್ಕೆ ಸೇರಿದ ವರ್ಷ ಆ ಗದ್ದೆಯವರ ನೆಂಟರ ಜಗಳಕ್ಕೆ ಸಾಕ್ಷಿಯಾಗಿ ನಿಂತು ನೆಡಿಸಿದ್ದು," ಎಂದರು. ಬೆರಳು ತೋರಿಸಿದ ಕಡೆ ಗದ್ದೆ ಇರಲಿಲ್ಲ, ಬರೀ ಕಾಡು. ಗದ್ದೆ ಹಿಂದಿನ ತಿರುವಿನಲ್ಲೇ ಹೋಗಿತ್ತು. ಬಸ್ಸಿನ ವೇಗಕ್ಕೆ ಮಾತು ಹಿಂದೆ ಬಿತ್ತು ಎಂದುಕೊಂಡೆ. ನಾಳೆ ಒಂದು ಅಳತೆ ಇದೆ, ಇಬ್ಬರು ಅಣ್ಣ ತಮ್ಮಂದಿರ ಪಾಲು, ಒಂದು ಅಡಿಗೂ ಮುನಿಸು ಎಂದು ಹೇಳಿ, ಆಮೇಲೆ ಕಣ್ಣು ಮುಚ್ಚಿ ಕೂತರು.

ತೀರ್ಥಹಳ್ಳಿಯಲ್ಲಿ ಬಿಸಿಲು ಚುರುಕಾಗಿತ್ತು. ಸ್ಟ್ಯಾಂಡಿನಿಂದ ಮೇಷ್ಟ್ರ ಮನೆಗೆ ಏಳೆಂಟು ನಿಮಿಷದ ನಡಿಗೆ. ಆ ಮಹಡಿಯಲ್ಲಿ ಹಿಂದೆ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಈಗಲೂ ಗೋಡೆಯ ಮೇಲೆ ಬೆರಳುಗಳ ಚಿತ್ರದ ಚಾರ್ಟಿದೆ. ಟೈಪ್‌ರೈಟರ್ ಇಡುತ್ತಿದ್ದ ಮೇಜುಗಳನ್ನೇ ಕೂಡಿಸಿ, ಮೇಲೆ ಹಸಿರು ಬಟ್ಟೆ ಹಾಸಿದ್ದರು. ಅಂದು ಹನ್ನೆರಡು ಜನ, ಎರಡು ಮೇಜು. ನಾಗರಾಜಣ್ಣ ಟ್ಯೂಬ್‌ಲೈಟಿನ ಕೆಳಗಿನ ಕುರ್ಚಿಯನ್ನೇ ಕೇಳಿ ಕೂತರು.

ಹತ್ತೂವರೆಗೆ ಆಟ ಶುರುವಾಯಿತು. ಅರ್ಧ ಗಂಟೆಗೊಮ್ಮೆ, ಸರದಿಯ ಮೇಲೆ ಕಡ್ಡಾಯವಾಗಿ ಇಡಬೇಕಾದ ಬಿಲ್ಲೆಗಳು ಹೆಚ್ಚುತ್ತವೆ, ಆದ್ದರಿಂದ ಸುಮ್ಮನೆ ಕೂತವರೂ ಕರಗುತ್ತಾರೆ. ನನಗೆ ಮೊದಲ ಗಂಟೆಯಲ್ಲೇ ಎಂಟರ ಜೋಡಿ ಬಂತು. ಫ್ಲಾಪಿಗೆ ಗುಲಾಮ, ಐದು, ಎರಡು. ಎದುರಿಗೆ ಇಬ್ಬರು. ಒಂದು ಸಲ ತಡೆದುಕೊಂಡೆ. ನಾಲ್ಕನೆಯ ಎಲೆ ಬಿಚ್ಚಿದ ಮೇಲೆ ಅವರಲ್ಲಿ ಒಬ್ಬರು ಮತ್ತೆ ಜೋರಾಗಿ ಕಟ್ಟಿದರು. ಆ ಎರಡು ಎಂಟನ್ನು ಮಗುಚಿ ಮುಂದೆ ಸರಿಸಿದೆ. ಕೊನೆಗೆ ಅವರ ಕೈಲಿ ಗುಲಾಮನ ಜೋಡಿ ಇತ್ತು. ಊಟದ ಬಿಡುವಿನಲ್ಲಿ ನಾಗರಾಜಣ್ಣನಿಗೆ ಹೇಳಿದಾಗ, ತಮಗೇ ಲೋಟ ಸಿಕ್ಕಿದ ಹಾಗೆ ಖುಷಿಪಟ್ಟರು. "ಬಿಡೋಕೆ ಬಂತಲ್ಲ, ಇನ್ನು ನಿಮಗೆ ನಾನು ಬೇಡ," ಎಂದರು. ರೊಟ್ಟಿಯ ಜೊತೆಗೆ ಮೇಷ್ಟ್ರ ಮನೆಯ ಚಿತ್ರಾನ್ನ, ಮೊಸರನ್ನ, ನೆಲ್ಲಿಕಾಯಿ ಉಪ್ಪಿನಕಾಯಿ.

ಮಧ್ಯಾಹ್ನ ಎರಡಕ್ಕೆ ಆರು ಜನ ಉಳಿದು ಒಂದೇ ಮೇಜಾಯಿತು. ನಾನು, ನಾಗರಾಜಣ್ಣ ಎದುರುಬದುರು. ಮೇಷ್ಟ್ರು ಆಟದಿಂದ ಹೊರಬಿದ್ದು ಎಲೆ ಹಂಚಲು ಕೂತಿದ್ದರು. ನಾಗರಾಜಣ್ಣ ತಮ್ಮ ಎಲೆಗಳನ್ನು ಅಂಗೈಯ ಗೂಡಿನಲ್ಲಿಟ್ಟು, ಮೂಗಿನ ತನಕ ತಂದು, ತುಸು ಓರೆಯಾಗಿ ನೋಡುತ್ತಿದ್ದರು. ಪ್ರತಿ ಫ್ಲಾಪಿಗೂ, "ಮೇಷ್ಟ್ರೇ, ಒಂದ್ಸಲ ಓದಿ," ಎನ್ನುತ್ತಿದ್ದರು. ಮೇಷ್ಟ್ರು ಕ್ಲಾಸಿನ ಗಂಟಲಿನಲ್ಲಿ ಓದುತ್ತಿದ್ದರು. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಆಗ ಆ ಸುತ್ತು ಬಂತು. ನನಗೆ ಎಕ್ಕ ಮತ್ತು ರಾಜ. ನಾಗರಾಜಣ್ಣ ಮೊದಲೇ ಏರಿಸಿ ಕಟ್ಟಿದರು, ನಾನು ಅಷ್ಟೇ ಇಟ್ಟು ಸರಿಗಟ್ಟಿದೆ, ಉಳಿದವರು ಬಿಟ್ಟರು. ಮೇಷ್ಟ್ರು ಮೂರು ಎಲೆ ಬಿಚ್ಚಿ ಓದಿದರು: "ಆಟೀನ್ ರಾಜ, ಇಸ್ಪೀಟ್ ಒಂಬತ್ತು, ಡೈಮನ್ ನಾಲ್ಕು."

ನನ್ನ ಹತ್ತಿರ ರಾಜನ ಜೋಡಿ ಆಯಿತು. ಧೈರ್ಯವಾಗಿ ಕಟ್ಟಿದೆ. ನಾಗರಾಜಣ್ಣ ಎಲೆಗಳನ್ನು ಮತ್ತೊಮ್ಮೆ ಮೂಗಿನ ಹತ್ತಿರ ತಂದು ನೋಡಿದರು, ಕೆಳಗಿಟ್ಟರು, ಒಂದು ಉಸಿರು ಬಿಟ್ಟರು. ಎರಡೂ ಕೈಯಿಂದ ತಮ್ಮ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದರು.

"ಎಲ್ಲಾ," ಎಂದರು.

ನಾನು ತುಂಬ ಹೊತ್ತು ಯೋಚಿಸಿದೆ. ಬೇರೆ ಯಾರಾದರೂ ಆಗಿದ್ದರೆ ಸರಿಗಟ್ಟುತ್ತಿದ್ದೆ. ಆದರೆ ಬರೀ ಜೋಡಿ ಹಿಡಿದು ರಾಜನ ಎದುರಿಗೆ ಇವರು ಹೀಗೆ ಮಾಡುವುದಿಲ್ಲವೆಂದು ಅದೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದ್ದೆ. ಇವರ ಕೈಲಿ ಒಂಬತ್ತರ ಜೋಡಿ ಇರಬೇಕು, ಈಗ ಮೂರು ಒಂಬತ್ತು ಕೂಡಿರಬೇಕು. ಎಕ್ಕ, ರಾಜ ಎರಡನ್ನೂ ಮೇಲ್ಮುಖವಾಗಿ ತೋರಿಸಿ, ಆ ಸುತ್ತು ಬಿಟ್ಟೆ. ಮೇಜಿನ ಸುತ್ತ ಒಂದು "ಓ" ಎದ್ದಿತು. ಅಂಥ ಎಲೆ ಬಿಡುವವರು ಕಡಿಮೆ.

ಅಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಬಿಟ್ಟ ಮೇಲೆ ಗೆದ್ದವರು ಎಲೆ ತೋರಿಸಬೇಕೆಂಬ ನಿಯಮವಿಲ್ಲ. ಆದರೆ ನನ್ನ ಜಾಣತನಕ್ಕೆ ಒಂದು ಸಾಕ್ಷಿ ಬೇಕಾಗಿತ್ತು. "ತೋರಿಸಿ ನಾಗಣ್ಣ," ಎಂದೆ.

"ತೋರಿಸ್ದೆ ಇರ್ತೀನಾ! ಸರಿಯಾಗಿ ಬಿಟ್ರಿ ಟೀಚರ್. ಮೂರು ಒಂಬತ್ತು," ಎನ್ನುತ್ತ ಎರಡು ಎಲೆಯನ್ನೂ ಹೆಮ್ಮೆಯಿಂದ ಮಗುಚಿದರು.

ಆಟೀನ್ ಆರು. ಕಳಾವರ್ ಆರು.

ನನ್ನ ಪಕ್ಕದಲ್ಲಿದ್ದ, ಔಷಧಿ ಅಂಗಡಿಯ ಸತೀಶ ಜೋರಾಗಿ ನಕ್ಕ. "ಎಂತ ಬಂಡಲ್ ಮಾರಾಯ್ರೆ! ಬರೀ ಆರು ಹಿಡ್ಕಂಡು ಟೀಚರನ್ನೇ ಓಡಿಸಿದ್ರಲ್ಲ!" ಎಂದ. ಉಳಿದವರೂ ನಕ್ಕರು. ನಾಗರಾಜಣ್ಣನ ಮುಖ ನನ್ನ ಎದುರಿಗೇ ಇತ್ತು. ಅವರು ನಗುತ್ತಿರಲಿಲ್ಲ, ಬಗ್ಗಿ, ಎಲೆಯನ್ನು ಮುಟ್ಟಿ ಓದುವವರ ಹಾಗೆ ಬೆರಳಾಡಿಸುತ್ತಿದ್ದರು.

"ಎಂತ ಬಂತು ಮೇಷ್ಟ್ರೇ?" ತಗ್ಗಿದ ದನಿಯಲ್ಲಿ ಕೇಳಿದರು.

"ಆರು, ನಾಗರಾಜ. ಎರಡೂ ಆರು."

"ಹೌದಾ," ಎಂದರು. ಆಮೇಲೆ ಅವರೂ ನಕ್ಕರು. ಸತೀಶನ ಕಡೆ ತಿರುಗಿ, "ಆಗಾಗ ಹಾಗೂ ಆಡ್ಬೇಕು," ಎಂದರು. ಬಿಲ್ಲೆಗಳನ್ನು ಎಳೆದುಕೊಂಡು ಸಾಲಾಗಿ ಜೋಡಿಸತೊಡಗಿದರು. ಮೇಜಿನಲ್ಲಿ ಈಗ ಅವರದ್ದೇ ಎಲ್ಲಕ್ಕಿಂತ ಎತ್ತರದ ರಾಶಿ. ಕೆಂಪು ಬಿಲ್ಲೆಗಳ ನಡುವೆ ನೀಲಿ ಬಿಲ್ಲೆ ಬೆರೆಯುತ್ತಿದ್ದವು, ಅವರಿಗೆ ಗೊತ್ತಾಗುತ್ತಿರಲಿಲ್ಲ.

ಮುಂದಿನ ಎರಡು ಸುತ್ತುಗಳಲ್ಲಿ ಎಲೆಗಳನ್ನು ಎತ್ತದೆಯೇ ಬಿಟ್ಟರು. ಮೂರನೆಯದಕ್ಕೆ ಮೇಷ್ಟ್ರ ಕೈ ಮೇಲೆ ಕೈಯಿಟ್ಟು, "ನನಗೆ ಹಂಚ್ಬೇಡಿ," ಎಂದರು. ಮೇಷ್ಟ್ರಿಗೆ ಅಷ್ಟರಲ್ಲಿ ಅರ್ಥವಾಗಿತ್ತು. "ನಾನು ನಿನ್ನ ಎಲೆ ನೋಡಿ ಕಿವೀಲಿ ಹೇಳ್ತೀನಿ ನಾಗರಾಜ. ಇಲ್ಲಿ ಯಾರೂ ಬೇಡ ಅನ್ನಲ್ಲ," ಎಂದರು. ನಿಜ, ಯಾರೂ ಬೇಡ ಎನ್ನುತ್ತಿರಲಿಲ್ಲ. ಸತೀಶನ ನಗುವೂ ನಿಂತಿತ್ತು.

"ನನ್ನ ಎಲೆ ಇನ್ನೊಬ್ರು ನೋಡಿದ್ರೆ ಅದು ನನ್ನ ಆಟ ಅಲ್ಲ ಮೇಷ್ಟ್ರೇ," ಎಂದು ಎದ್ದರು. ಕುರ್ಚಿಯ ಬೆನ್ನು ಹಿಡಿದು, ಗೋಡೆ ಹಿಡಿದು ಮೆಟ್ಟಿಲ ಕಡೆ ನಡೆದರು. ನಾನೂ ನನ್ನ ಬಿಲ್ಲೆಗಳನ್ನು ಅಲ್ಲೇ ಬಿಟ್ಟು ಹಿಂದೆ ಹೋದೆ. ಆ ದಿನದ ಲೋಟ ಯಾರಿಗೆ ಹೋಯಿತೆಂದು ನಾನು ಇವತ್ತಿಗೂ ಕೇಳಿಲ್ಲ.

ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬಸ್ಸು ನಾಲ್ಕೂವರೆಗೆ. ಅಲ್ಲಿಯವರೆಗೆ ತುಂಗೆಯ ದಡದಲ್ಲಿ ಕೂತೆವು. ನೀರು ಇಳಿದು ಬಂಡೆಗಳು ಎದ್ದಿದ್ದವು. ಯಾರೋ ಬಟ್ಟೆ ಒಗೆಯುತ್ತಿದ್ದರು. "ನಾನು ತೋರಿಸಿ ಅನ್ನಬಾರದಿತ್ತು ನಾಗಣ್ಣ," ಎಂದೆ.

ಅವರು ನೀರಿನ ಸದ್ದಿನ ಕಡೆ ಮುಖ ತಿರುಗಿಸಿದರು. "ನೀವು ಕೇಳ್ದೆ ಇದ್ದಿದ್ರೆ ಇನ್ನೊಂದೆರಡು ತಿಂಗಳು ಹೀಗೇ ನಡೀತಿತ್ತು," ಎಂದರು. ಅದು ಆಕ್ಷೇಪಣೆಯೋ ಸಮಾಧಾನವೋ ನನಗೆ ತಿಳಿಯಲಿಲ್ಲ.

ಬಸ್ಸು ಹತ್ತಿದ ಮೇಲೆ ಅವರೇ ಹೇಳತೊಡಗಿದರು. ಎಡಗಣ್ಣೂ ದಸರಾ ಹೊತ್ತಿಗೇ ಹೋಗತೊಡಗಿತ್ತು. ನೋಡಬೇಕೆಂದ ಜಾಗದಲ್ಲೇ ಒಂದು ಬೂದಿ ಬಣ್ಣದ ಉಂಡೆ, ಸುತ್ತ ಮಾತ್ರ ಕಾಣುತ್ತದೆ. ಆರು, ಎಂಟು, ಒಂಬತ್ತು ಎಲ್ಲ ಒಂದೇ ತರಹ. ಇಷ್ಟು ದಿನ ಊಹೆಯ ಮೇಲೆ ನಡೆಸಿದ್ದರು. ಆಫೀಸಿನಲ್ಲಿ ಕಾಗದ ಬಂದರೆ, "ನೀನೇ ಓದು ಮಾರಾಯ, ನಿನಗೂ ಅಭ್ಯಾಸ ಆಗ್ಲಿ," ಎಂದು ಜೊತೆಯವರಿಗೆ ಕೊಡುತ್ತಿದ್ದರು. ಮನೆಯಲ್ಲಿ ಯಶೋದಕ್ಕನಿಗೆ ಎಡಗಣ್ಣಿನ ಸುದ್ದಿಯನ್ನೇ ಹೇಳಿರಲಿಲ್ಲ. ಇವತ್ತು ಎಲೆ ಸರಿಯಾಗಿ ಕಂಡರೆ ಇನ್ನೂ ಕಾಲ ಇದೆ ಎಂದು ತಮ್ಮಷ್ಟಕ್ಕೆ ತಾವೇ ಪರೀಕ್ಷೆ ಇಟ್ಟುಕೊಂಡು ಬಂದಿದ್ದರಂತೆ.

"ಮಧ್ಯಾಹ್ನದ ತನಕ ಪಾಸಾಗಿದ್ದೆ ಟೀಚರ್," ಎಂದರು. "ಒಂದು ಎಲೆನೂ ತಪ್ಪಿಲ್ಲ ಅಂದ್ಕಂಡಿದ್ದೆ. ಈಗ ಯೋಚನೆ ಮಾಡಿದ್ರೆ, ಅದೂ ಗೊತ್ತಿಲ್ಲ. ತೋರಿಸ್ದೆ ಬಿಟ್ಟಿದ್ದು ಎಷ್ಟೋ."

ತಿರುವುಗಳಲ್ಲಿ ಬಸ್ಸು ವಾಲುತ್ತಿತ್ತು. ಅವರು ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದಿದ್ದರು.

"ಇಸ್ಪೀಟು ಹೋಗ್ಲಿ. ದಸರಾ ಆದ್ಮೇಲೆ ಮೂರು ಜಾಗ ಅಳೆದಿದೀನಿ. ಟೇಪಿನ ಮೇಲೆ ಒಂಬತ್ತು ಅಂತ ಬರ್ಸಿದ್ದು ಆರೋ ಎಂಟೋ ಯಾರಿಗೆ ಗೊತ್ತು? ಅವರು ಬೇಲಿ ಹಾಕ್ಕಂಡಿರ್ತಾರೆ. ನಾನು ಹೇಳಿದ್ದು ಅಂತ ನಂಬಿ."

"ಮತ್ತೆ ಅಳೆಸಬಹುದಲ್ಲ?"

"ಅಳೆಸ್ಬೇಕು. ಅದಕ್ಕೆ ನಾನು ಯಾಕೆ ಅಂತ ಹೇಳ್ಬೇಕು." ನನ್ನ ಕಡೆ ತಿರುಗಿ, "ನಾಳೆ ಅಣ್ಣ ತಮ್ಮಂದಿರ ಪಾಲಿಗೆ ನಾನು ಹೋಗಲ್ಲ. ಬೆಳಿಗ್ಗೆ ಆಫೀಸಿಗೆ ಹೋಗಿ ಸಾಹೇಬರ ಹತ್ರ ಹೇಳ್ತೀನಿ. ಮೂರು ಫೈಲಿನ ನಂಬರ್ ನೆನಪಿದೆ," ಎಂದರು. ಬಾಯಿಪಾಠದ ಹಾಗೆ ಮೂರೂ ನಂಬರ್ ಹೇಳಿ, ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ ಎಂದರು. ನನ್ನ ಪರ್ಸಿನಲ್ಲಿ ಸಿಕ್ಕಿದ ಔಷಧಿ ಬಿಲ್ಲಿನ ಹಿಂದೆ, ಒಂದೊಂದು ಅಂಕಿಯನ್ನೂ ಹೆಬ್ಬೆರಳಿನಷ್ಟು ಮಾಡಿ ಬರೆದೆ. ಬಸ್ಸಿನ ಕುಲುಕಾಟಕ್ಕೆ ಅಂಕಿಗಳು ಸೊಟ್ಟಗಾದವು. ಅವರು ಅದನ್ನು ದೂರ ಹಿಡಿದರು, ಹತ್ತಿರ ತಂದರು, ಓರೆಯಾಗಿ ನೋಡಿದರು. ಕೊನೆಗೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಓದಲು ಬಂತೋ ಇಲ್ಲವೋ ನಾನು ಕೇಳಲಿಲ್ಲ.

ಮೂವತ್ತು ವರ್ಷ ಊರೂರು ತಿರುಗಿ ಕಲ್ಲು ನೆಡಿಸಿದ ಮನುಷ್ಯ. ಅವರು ಬರುತ್ತಾರೆಂದರೆ ಜಗಳವಾಡುವವರೂ ಎರಡೂ ಕಡೆಯಿಂದ ಎಳನೀರು ತಂದಿಡುತ್ತಿದ್ದರು ಎಂದು ಯಶೋದಕ್ಕ ಒಮ್ಮೆ ಹೇಳಿದ್ದರು. ಆ ಮನುಷ್ಯ ನನ್ನ ಪಕ್ಕದಲ್ಲಿ ಕೂತು, ಮನೆಗೆ ಹೋಗಿ ಮಾತನ್ನು ಎಲ್ಲಿಂದ ಶುರು ಮಾಡುವುದೆಂದು ಕೇಳುತ್ತಿದ್ದರು. ಹೆಂಡತಿಗೆ ಮೊದಲು ಎಡಗಣ್ಣು ಹೇಳಬೇಕೋ, ಕೆಲಸ ಹೋಗಬಹುದೆಂಬುದು ಹೇಳಬೇಕೋ, ಎರಡು ತಿಂಗಳು ಮುಚ್ಚಿಟ್ಟದ್ದು ಹೇಳಬೇಕೋ. "ಕಣ್ಣೇ ಮೊದಲು ಹೇಳಿ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

ಹೊಸನಗರ ಮುಟ್ಟುವಾಗ ಆರು ದಾಟಿತ್ತು. ಅಂಗಡಿಗಳಲ್ಲಿ ದೀಪ ಹತ್ತಿತ್ತು. ಬಸ್ಸು ಇಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ನಾನು ಇಳಿದು ಮನೆಯ ತನಕ ಬರುತ್ತೇನೆ ಎಂದರೆ ಕೇಳಲಿಲ್ಲ. ಇದು ಸಾಗರಕ್ಕೆ ಕೊನೆಯ ಬಸ್ಸು, ನೀವು ಕೂತಿರಿ ಎಂದರು. ಮೆಟ್ಟಿಲನ್ನು ಕಾಲಿನಿಂದ ಹುಡುಕಿಕೊಂಡು ಇಳಿದರು. ಯಶೋದಕ್ಕ ತರಕಾರಿ ಗಾಡಿಯ ಹತ್ತಿರ ಕಾಯುತ್ತಿದ್ದವರು ಎದುರಿಗೆ ಬಂದರು. ನನ್ನ ಕಿಟಕಿಯ ಕೆಳಗೇ ನಿಂತರು.

"ಗೆದ್ರಾ?" ನಗುತ್ತ ಕೇಳಿದರು.

"ನಂಗೆ ಕಣ್ಣು ಕಾಣ್ತಾ ಇಲ್ಲ ಯಶೋದಾ," ಎಂದರು ನಾಗರಾಜಣ್ಣ.

ಅದೇ ಹೊತ್ತಿಗೆ ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. "ಎಂತ? ಕೇಳ್ಳಿಲ್ಲ," ಎಂದು ಯಶೋದಕ್ಕ ಮುಖ ಹತ್ತಿರ ತಂದರು. ನಾಗರಾಜಣ್ಣ ಅದನ್ನು ಇನ್ನೊಂದು ಸಲ ಹೇಳಬೇಕಾಯಿತು. ಯಶೋದಕ್ಕನ ನಗು ಮುಖದ ಮೇಲೆ ಹಾಗೇ ನಿಂತು, ನಿಧಾನ ಇಳಿಯಿತು. ಗಂಡನ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿದರು. "ಈಗ?" ಎಂದರು. ಅವರು ಇಲ್ಲವೆಂದು ತಲೆಯಾಡಿಸಿದರು.

ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಯಶೋದಕ್ಕ ಗಂಡನ ತೋಳು ಹಿಡಿದಿದ್ದರು. ನಾಗರಾಜಣ್ಣ ನನ್ನನ್ನು ಬೀಳ್ಕೊಡಲು ಕೈ ಎತ್ತಿದ್ದರು, ಮುಖ ತುಂಬ ನಗು ತಂದುಕೊಂಡು, ಅಲ್ಲೇ ನಿಂತಿದ್ದ ಇನ್ನೊಂದು ಬಸ್ಸಿನ ಕಡೆಗೆ. ಆ ಬಸ್ಸಿನೊಳಗೆ ದೀಪವಿರಲಿಲ್ಲ, ಯಾರೂ ಕೂತಿರಲಿಲ್ಲ. ತಿರುವಿನಲ್ಲಿ ಅವರು ಮರೆಯಾಗುವ ತನಕ ನಾನೂ ಕೈ ಬೀಸುತ್ತಲೇ ಇದ್ದೆ.